ಕೋಣೆಯೊಳಗೊಂದು ಶರಾವತಿ ಸೇತುವೆ: ಕಿರುರೈಲು ಕಟ್ಟುವ ಬಗೆ, ಚಿತ್ರ ತೆಗೆಯುವ ಬಗೆ

ಇಡಗುಂಜಿ: ಹೊನ್ನಾವರದ ಕಡೆಯಿಂದ ಇಡಗುಂಜಿಯ ಮಹಾಗಣಪತಿಯ ದರ್ಶನಕ್ಕೆ ಬರುವವರು ಹೆದ್ದಾರಿಯಲ್ಲಿ ಶರಾವತಿಯನ್ನು ದಾಟಿಯೇ ಬರಬೇಕು. ಅದೇ ನದಿಯನ್ನು ರೈಲು ದಾಟುವುದು ಹೊನ್ನಾವರ ಮತ್ತು ಮಂಕಿ ನಿಲ್ದಾಣಗಳ ನಡುವಿನ ಸೇತುವೆಯ ಮೇಲೆ. ಅದರ ಉದ್ದ 2,065.8 ಮೀಟರ್. ಕೊಂಕಣ ರೈಲು ಮಾರ್ಗದಲ್ಲಿ ಇದಕ್ಕಿಂತ ಉದ್ದದ ಸೇತುವೆ ಮತ್ತೊಂದಿಲ್ಲ. ತೆಂಗಿನ ತೋಟ, ಅಗಲವಾದ ನದಿ, ಹಿಂಬದಿಯಲ್ಲಿ ಸಹ್ಯಾದ್ರಿಯ ನೀಲಿ ಸಾಲು, ನಡುವೆ ಹಾದು ಹೋಗುವ ರೈಲು: ಈ ನೋಟವನ್ನು ಮನೆಯ ಕೋಣೆಯೊಂದರಲ್ಲಿ ಕಿರಿದಾಗಿ ಕಟ್ಟಿ, ನಿಜವೆಂದು ತೋರುವಂತೆ ಅದರ ಚಿತ್ರ ತೆಗೆಯಲು ಸಾಧ್ಯವೇ? ಸಾಧ್ಯ. ಆದರೆ ಅದಕ್ಕೆ ಬೇಕಾದುದು ಕೈಚಳಕಕ್ಕಿಂತ ಹೆಚ್ಚಾಗಿ ಅಳತೆಯ ಎಚ್ಚರ.

ಕಿರುರೈಲು ಮಾದರಿಯೆಂದರೆ ಮಕ್ಕಳ ಆಟಿಕೆಯೆಂಬ ಭಾವನೆ ನಮ್ಮಲ್ಲಿ ಇನ್ನೂ ಇದೆ. ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ 2001ರಲ್ಲಿ ತೆರೆದ ಮಿನಿಯಾಟೂರ್ ವುಂಡರ್‌ಲಾಂಡ್ ಪ್ರದರ್ಶನವನ್ನು ನೋಡಲು ಲಕ್ಷಾಂತರ ಜನ ಬರುತ್ತಾರೆ. ನಮಗೆ ಸಮೀಪದ ಪುಣೆಯಲ್ಲಿ ಭಾವೂಸಾಹೇಬ ಜೋಶಿಯವರ ಶ್ರಮದಿಂದ ರೂಪುಗೊಂಡ ಕಿರುರೈಲು ಸಂಗ್ರಹಾಲಯ 1998ರಲ್ಲಿ ಆರಂಭವಾಯಿತು. ಕೊಂಕಣ ರೈಲು ಮಾರ್ಗ ಪೂರ್ಣವಾಗಿ ಲೋಕಾರ್ಪಣೆಗೊಂಡದ್ದೂ ಅದೇ ವರ್ಷ ಎಂಬುದು ಗಮನಾರ್ಹ.

ಅಳತೆಯೇ ಮೊದಲ ಪಾಠ

ಜಗತ್ತಿನಲ್ಲಿ ಅತ್ಯಂತ ಹೆಚ್ಚು ಬಳಕೆಯಲ್ಲಿರುವ ಪ್ರಮಾಣ ಎಚ್‌ಒ. ಇದರಲ್ಲಿ ನಿಜವಾದ 87 ಮೀಟರ್ ಮಾದರಿಯ ಒಂದು ಮೀಟರಿಗೆ ಸಮ. ಇದಕ್ಕಿಂತ ಚಿಕ್ಕದು ಎನ್ ಪ್ರಮಾಣ. ಅಲ್ಲಿ 160 ಮೀಟರಿಗೆ ಒಂದು ಮೀಟರ್. ಐದೂವರೆ ಅಡಿ ಎತ್ತರದ ಮನುಷ್ಯ ಎಚ್‌ಒ ಪ್ರಮಾಣದಲ್ಲಿ ಎರಡು ಸೆಂಟಿಮೀಟರಿಗಿಂತ ತುಸು ಕಡಿಮೆಯಾಗುತ್ತಾನೆ. ಹದಿನೆಂಟು ಮೀಟರ್ ಎತ್ತರದ ತೆಂಗಿನ ಮರ ಸುಮಾರು 21 ಸೆಂಟಿಮೀಟರ್ ಇರಬೇಕು. ಹೊಸಬರು ಮಾಡುವ ಮೊದಲ ತಪ್ಪು ಇಲ್ಲಿಯೇ: ಮರಗಳನ್ನು ಗಿಡದಂತೆ ಕುಳ್ಳಾಗಿಸುವುದು. ಹಳಿಯ ಕೆಳಗಿನ ಐದು ಸೆಂಟಿಮೀಟರ್ ಗಾತ್ರದ ಜಲ್ಲಿ ಇಲ್ಲಿ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಆದುದರಿಂದ ಮರಳನ್ನು ಜರಡಿ ಹಿಡಿದೇ ಬಳಸಬೇಕು.

ಭಾರತೀಯ ರೈಲನ್ನು ಮಾದರಿಯಾಗಿಸುವವರಿಗೆ ಒಂದು ವಿಶೇಷ ತೊಡಕಿದೆ. ನಮ್ಮ ಬ್ರಾಡ್‌ಗೇಜ್ ಹಳಿಗಳ ನಡುವಿನ ಅಂತರ 1,676 ಮಿಲಿಮೀಟರ್; ಯುರೋಪಿನ ಬಹುಪಾಲು ದೇಶಗಳದು 1,435. ಪೇಟೆಯಲ್ಲಿ ದೊರೆಯುವ ಎಚ್‌ಒ ಹಳಿಯ ಅಂತರ 16.5 ಮಿಲಿಮೀಟರ್ ಇದ್ದು, ಅದು ಯುರೋಪಿನ ಅಳತೆಗೆ ಹೊಂದುತ್ತದೆ. ನಮ್ಮ ಹಳಿಗೆ ಅದು 19.3 ಮಿಲಿಮೀಟರ್ ಆಗಬೇಕಿತ್ತು. ಹಳಿಯನ್ನು ಕೈಯಿಂದಲೇ ತಯಾರಿಸುವ ಸಾಹಸಕ್ಕೆ ಇಳಿಯದವರು ಈ ಕೊರತೆಯನ್ನು ಒಪ್ಪಿಕೊಂಡು ಮುಂದುವರಿಯುತ್ತಾರೆ. ಪಕ್ಕದಿಂದ ತೆಗೆದ ಚಿತ್ರದಲ್ಲಿ ಇದು ಕಾಣದು. ಎದುರಿನಿಂದ ತೆಗೆದರೆ ಬಲ್ಲವರ ಕಣ್ಣಿಗೆ ಬೀಳುತ್ತದೆ.

ಎಲ್ಲವನ್ನೂ ಕುಗ್ಗಿಸಲಾಗದು

ಈಗ ಸೇತುವೆಯ ಲೆಕ್ಕ ನೋಡೋಣ. ಎಚ್‌ಒ ಪ್ರಮಾಣದಲ್ಲಿ ಶರಾವತಿ ಸೇತುವೆಯ ಉದ್ದ 23.7 ಮೀಟರ್. ಎನ್ ಪ್ರಮಾಣದಲ್ಲಿ ಕಟ್ಟಿದರೂ 12.9 ಮೀಟರ್. ಇಷ್ಟು ಉದ್ದದ ಕೋಣೆ ಯಾರ ಮನೆಯಲ್ಲಿದೆ? ಹಳೆಯ ಬಗೆಯ ಇಪ್ಪತ್ತು ಬೋಗಿಗಳ ರೈಲೊಂದೇ ಎಚ್‌ಒದಲ್ಲಿ ಐದು ಮೀಟರ್ ಮೀರುತ್ತದೆ. ತಿರುವುಗಳ ಕತೆ ಇನ್ನೂ ಕಠಿಣ. ಗಂಟೆಗೆ 160 ಕಿಲೋಮೀಟರ್ ವೇಗಕ್ಕೆಂದು ರೂಪಿಸಿದ ಕೊಂಕಣ ಮಾರ್ಗದಲ್ಲಿ ತಿರುವಿನ ತ್ರಿಜ್ಯ 1,250 ಮೀಟರಿಗಿಂತ ಕಡಿಮೆಯಾಗದಂತೆ ಯೋಜಿಸಲಾಗಿತ್ತು. ಅದು ಮಾದರಿಯಲ್ಲಿ 14 ಮೀಟರಿಗೂ ಹೆಚ್ಚು. ಪೇಟೆಯ ಹಳಿಗಳ ತಿರುವಾದರೋ ಸಾಮಾನ್ಯವಾಗಿ ಅರ್ಧ ಮೀಟರಿನೊಳಗೆ.

ಆದ್ದರಿಂದ ಮಾದರಿ ಕಟ್ಟುವವನು ಆಯ್ದುಕೊಳ್ಳಲೇಬೇಕು. ಯಕ್ಷಗಾನದ ತವರಾದ ಈ ಸೀಮೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಪುಟ್ಟ ರಂಗಸ್ಥಳದಲ್ಲಿ ವೇಷಧಾರಿ ಒಂದು ಸುತ್ತು ಕುಣಿದರೆ ಕಾಡು ದಾಟಿ ಬಂದಂತಾಯಿತು. ಪ್ರೇಕ್ಷಕ ಅದನ್ನು ಪ್ರಶ್ನಿಸುವುದಿಲ್ಲ. ಸೇತುವೆಯ ಕಂಬಗಳ ಸಂಖ್ಯೆ ಕಡಿಮೆ ಮಾಡಬಹುದು, ಆದರೆ ಕಂಬದ ಎತ್ತರಕ್ಕೂ ಎರಡು ಕಂಬಗಳ ನಡುವಿನ ಅಂತರಕ್ಕೂ ಇರುವ ಅನುಪಾತ ಕೆಡಬಾರದು. ಇಪ್ಪತ್ತು ಬೋಗಿಗಳ ಬದಲು ಏಳೆಂಟು ಸಾಕು, ಆದರೆ ಒಂದೊಂದು ಬೋಗಿಯೂ ಪೂರ್ಣ ಅಳತೆಯದಾಗಿರಬೇಕು. ಬಿಗಿಯಾದ ತಿರುವುಗಳನ್ನು ಗುಡ್ಡದ ಮರೆಯಲ್ಲಿ ಅಡಗಿಸಬೇಕು. ತೊಂಬತ್ತಕ್ಕೂ ಹೆಚ್ಚು ಸುರಂಗಗಳಿರುವ ಕೊಂಕಣ ಮಾರ್ಗವನ್ನು ಆರಿಸಿಕೊಂಡವರಿಗೆ ಈ ಮರೆ ಸಹಜವಾಗಿಯೇ ದೊರಕುತ್ತದೆ. ರೈಲು ಒಂದು ಸುರಂಗದಿಂದ ಹೊರಬಿದ್ದು, ನದಿ ದಾಟಿ, ಇನ್ನೊಂದು ಸುರಂಗವನ್ನು ಹೊಕ್ಕರೆ ನೋಡುವವರ ಮನಸ್ಸು ಉಳಿದ ದಾರಿಯನ್ನು ತಾನೇ ತುಂಬಿಕೊಳ್ಳುತ್ತದೆ.

ಯಾವ ವರ್ಷ, ಯಾವ ಋತು?

ಕೆಲಸ ಆರಂಭಿಸುವ ಮೊದಲು ಉತ್ತರಿಸಬೇಕಾದ ಪ್ರಶ್ನೆಯಿದು. ಕೊಂಕಣ ಮಾರ್ಗದ ವಿದ್ಯುದೀಕರಣ 2022ರಲ್ಲಿ ಸಂಪೂರ್ಣಗೊಂಡಿತು. ಡೀಸೆಲ್ ಎಂಜಿನ್‌ಗಳ ಕಾಲದಲ್ಲಿ ಸೇತುವೆಯ ಮೇಲೆ ಬರಿಯ ಆಕಾಶವಿತ್ತು; ಈಗ ಕಂಬ ಮತ್ತು ತಂತಿಗಳಿವೆ. 2005ರ ನೋಟವನ್ನು ಕಟ್ಟುವವನು ತಂತಿ ಎಳೆದರೆ ತಪ್ಪು. ಇಂದಿನ ನೋಟವನ್ನು ಕಟ್ಟುವವನು ಎಳೆಯದಿದ್ದರೆ ತಪ್ಪು. ಋತುವಿಗೂ ಇದೇ ಮಾತು ಅನ್ವಯಿಸುತ್ತದೆ. ಗದ್ದೆಯಲ್ಲಿ ನಾಟಿಯ ಹಸಿರಿದ್ದರೆ ನದಿ ಕೆಂಪಾಗಿ ತುಂಬಿರಬೇಕು, ದಾರಿಹೋಕನ ಕೈಯಲ್ಲಿ ಕೊಡೆಯಿರಬೇಕು. ನೀರು ತಿಳಿಯಾಗಿದ್ದರೆ ಬೇಣದ ಹುಲ್ಲು ಒಣಗಿರಬೇಕು.

ಅಳತೆಗಾಗಿ ಸೇತುವೆಯ ಮೇಲಾಗಲೀ ಹಳಿಯ ಮೇಲಾಗಲೀ ಕಾಲಿಡುವುದು ಸಲ್ಲದು. ಅದು ಪ್ರಾಣಾಪಾಯ ಮಾತ್ರವಲ್ಲ, 1989ರ ರೈಲ್ವೆ ಕಾಯ್ದೆಯ ಪ್ರಕಾರ ಶಿಕ್ಷಾರ್ಹ ಅಪರಾಧವೂ ಹೌದು. ದೋಣಿಯಿಂದ ಕಂಬಗಳನ್ನು ಎಣಿಸಬಹುದು. ದೂರದಿಂದ ತೆಗೆದ ಚಿತ್ರದಲ್ಲಿ ಬೋಗಿಯ ಉದ್ದವನ್ನೇ ಅಳತೆಗೋಲಾಗಿಸಿಕೊಂಡು ಉಳಿದುದನ್ನು ಲೆಕ್ಕ ಹಾಕಬಹುದು.

ಕಟ್ಟುವ ಕ್ರಮ

ಮೊದಲು ಮರದ ಚೌಕಟ್ಟು, ಅದರ ಮೇಲೆ ಪ್ಲೈವುಡ್ ಹಲಗೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಅಧಿಕ ಮಳೆ ಸುರಿಯುವ ಕರಾವಳಿಯಲ್ಲಿ ಸಾಧಾರಣ ಹಲಗೆ ಒಂದೇ ಆಷಾಢದಲ್ಲಿ ಬಾಗುತ್ತದೆ. ಹಳಿಯೂ ಅದರೊಂದಿಗೆ ಬಾಗಿ ರೈಲು ಜಾರುತ್ತದೆ. ನೀರು ತಡೆಯುವ ಮರೈನ್ ಪ್ಲೈವುಡ್ ಬಳಸಿ, ಅಂಚು ಮತ್ತು ತಳಭಾಗಗಳಿಗೂ ಬಣ್ಣ ಬಳಿಯುವುದು ಅಗತ್ಯ. ಹಳಿಗೆ 12 ವೋಲ್ಟ್ ನೇರ ವಿದ್ಯುತ್ ಹರಿಸುವುದು ಸರಳ ವಿಧಾನ. ಒಂದಕ್ಕಿಂತ ಹೆಚ್ಚು ಎಂಜಿನ್‌ಗಳನ್ನು ಬೇರೆಬೇರೆಯಾಗಿ ಓಡಿಸಬೇಕಾದರೆ ಪ್ರತಿ ಎಂಜಿನ್ನಿಗೂ ಒಂದು ಸಂಖ್ಯೆ ನೀಡಿ ನಿಯಂತ್ರಿಸುವ ಡಿಜಿಟಲ್ ವ್ಯವಸ್ಥೆ ಬೇಕು. ಭೂದೃಶ್ಯ ರಚಿಸುವ ಮೊದಲೇ ರೈಲನ್ನು ಹಲವು ದಿನ ಓಡಿಸಿ ನೋಡಬೇಕು. ಗುಡ್ಡ ಕಟ್ಟಿದ ಮೇಲೆ ತಂತಿಯ ದೋಷ ಹುಡುಕುವುದು ಯಾತನೆ.

ಗುಡ್ಡಕ್ಕೆ ಥರ್ಮೋಕೋಲ್, ಅದರ ಮೇಲೆ ಪ್ಲಾಸ್ಟರ್ ಲೇಪನ. ಕೆಂಪು ಚಿರೆಕಲ್ಲಿನ ಪುಡಿಯನ್ನು ಬಟ್ಟೆಯಲ್ಲಿ ಸೋಸಿ ಅಂಟಿಸಿದರೆ ನಮ್ಮ ಮಣ್ಣಿನ ಬಣ್ಣ ತಾನಾಗಿ ಬರುತ್ತದೆ. ಆಮದು ಬಣ್ಣದ ಡಬ್ಬಿಯಲ್ಲಿ ಅದು ಸಿಗದು. ಹೊನ್ನಾವರ, ಕುಮಟಾ, ಶಿರಸಿ, ಸಾಗರ ಭಾಗದ ಗುಡಿಗಾರರು ಬಾಸಿಂಗಕ್ಕೆ ಬಳಸುವ ಬೆಂಡು ಹಗುರವಾದದ್ದು, ತೆಳ್ಳಗೆ ಸೀಳಲು ಬರುವಂಥದ್ದು. ಎಲೆಗಳಿಗೆ ಅದನ್ನು ಪ್ರಯತ್ನಿಸಿ ನೋಡಬಹುದು. ನದಿಗೆ ಮಾತ್ರ ನೀರು ಬಳಸಕೂಡದು. ತಳಕ್ಕೆ ಬಣ್ಣ ಬಳಿದು, ಅದರ ಮೇಲೆ ಪಾರದರ್ಶಕ ವಾರ್ನಿಷನ್ನು ತೆಳು ಪದರಗಳಾಗಿ ಹಚ್ಚಿ, ಪ್ರತಿ ಪದರವೂ ಒಣಗುವವರೆಗೆ ಕಾಯಬೇಕು.

ಛಾಯಾಚಿತ್ರದ ಗುಟ್ಟು

ಎಷ್ಟು ಅಂದವಾಗಿ ಕಟ್ಟಿದರೂ ಮೊದಲ ಚಿತ್ರ ಆಟಿಕೆಯಂತೆಯೇ ಬರುತ್ತದೆ. ಇದಕ್ಕೆ ಎರಡು ಕಾರಣಗಳಿವೆ. ಒಂದು, ನಾವು ನಿಂತು ಮೇಲಿನಿಂದ ಚಿತ್ರ ತೆಗೆಯುತ್ತೇವೆ. ಮಾದರಿಯ ಮನುಷ್ಯನ ಕಣ್ಣು ನೆಲದಿಂದ ಸುಮಾರು 1.7 ಸೆಂಟಿಮೀಟರ್ ಎತ್ತರದಲ್ಲಿದೆ. ಕ್ಯಾಮೆರಾ ಅಲ್ಲಿಗೆ ಇಳಿಯಬೇಕು. ಮೊಬೈಲ್ ಫೋನನ್ನು ತಲೆಕೆಳಗಾಗಿ ಹಿಡಿದರೆ ಅದರ ಮಸೂರ ಹಳಿಯ ಮಟ್ಟಕ್ಕೆ ಬರುತ್ತದೆ. ಚಿತ್ರವನ್ನು ಬಳಿಕ ತಿರುಗಿಸಿಕೊಂಡರಾಯಿತು.

ಎರಡನೆಯದು ಸ್ಪಷ್ಟತೆಯ ಆಳ. ಎಂಜಿನ್ನಿನಿಂದ 30 ಸೆಂಟಿಮೀಟರ್ ದೂರದಲ್ಲಿ ಕ್ಯಾಮೆರಾ ಇಟ್ಟರೆ ಮಾದರಿಯ ಲೆಕ್ಕದಲ್ಲಿ ಅದು 26 ಮೀಟರ್ ದೂರ. ನಿಜ ಜೀವನದಲ್ಲಿ ಅಷ್ಟು ದೂರದಿಂದ ತೆಗೆದ ಚಿತ್ರದಲ್ಲಿ ಎಂಜಿನ್ನೂ ಸ್ಪಷ್ಟ, ಹಿಂದಿನ ಗುಡ್ಡವೂ ಬಹುಮಟ್ಟಿಗೆ ಸ್ಪಷ್ಟ. ಆದರೆ 30 ಸೆಂಟಿಮೀಟರಿನಲ್ಲಿ ಮಸೂರಕ್ಕೆ ಕೆಲವೇ ಸೆಂಟಿಮೀಟರ್ ಮಾತ್ರ ಸ್ಪಷ್ಟ, ಉಳಿದುದೆಲ್ಲ ಮಸುಕು. ಆ ಮಸುಕನ್ನು ಕಂಡೊಡನೆ ನಮ್ಮ ಮನಸ್ಸು ‘ಇದು ಚಿಕ್ಕ ವಸ್ತು’ ಎಂದು ತೀರ್ಪು ಕೊಡುತ್ತದೆ. ನಿಜವಾದ ಊರಿನ ಚಿತ್ರದಲ್ಲಿ ಮೇಲೆ ಕೆಳಗೆ ಮಸುಕು ಮಾಡಿದರೆ ಊರೇ ಆಟಿಕೆಯಂತೆ ಕಾಣುವುದೂ ಇದೇ ಕಾರಣಕ್ಕೆ.

ಪರಿಹಾರವೆಂದರೆ ಮಸೂರದ ರಂಧ್ರವನ್ನು ಎಫ್/11 ಅಥವಾ ಎಫ್/16ಕ್ಕೆ ಕಿರಿದಾಗಿಸುವುದು. ಅದಕ್ಕಿಂತ ಕಿರಿದಾದರೆ ಬೆಳಕು ಚದರಿ ಇಡೀ ಚಿತ್ರವೇ ಮೃದುವಾಗುತ್ತದೆ. ಇನ್ನೂ ಹೆಚ್ಚಿನ ಆಳ ಬೇಕಾದರೆ ಕ್ಯಾಮೆರಾವನ್ನು ಅಲುಗಾಡದಂತೆ ನಿಲ್ಲಿಸಿ, ಹತ್ತಿರದಿಂದ ದೂರಕ್ಕೆ ಫೋಕಸ್ ಬದಲಿಸುತ್ತ ಹತ್ತಾರು ಚಿತ್ರ ತೆಗೆದು, ಗಣಕದಲ್ಲಿ ಅವುಗಳ ಸ್ಪಷ್ಟ ಭಾಗಗಳನ್ನು ಒಂದುಗೂಡಿಸಬೇಕು. ಮೊಬೈಲಿನ ಸಣ್ಣ ಸಂವೇದಕಕ್ಕೆ ಈ ಆಳ ಸಹಜವಾಗಿಯೇ ಹೆಚ್ಚು. ಬೆಲೆಬಾಳುವ ಕ್ಯಾಮೆರಾ ಇಲ್ಲವೆಂದು ಯಾರೂ ಹಿಂಜರಿಯಬೇಕಾಗಿಲ್ಲ.

ಬೆಳಕಿನ ನಿಯಮ ಇನ್ನೂ ಸರಳ: ಸೂರ್ಯ ಒಬ್ಬನೇ. ಎರಡು ದೀಪ ಹಚ್ಚಿದರೆ ಎರಡು ನೆರಳು ಬಿದ್ದು ಗುಟ್ಟು ರಟ್ಟಾಗುತ್ತದೆ. ಒಂದು ಪ್ರಖರ ದೀಪವನ್ನು ದೂರದಲ್ಲಿಟ್ಟು, ಎದುರು ಬದಿಯಲ್ಲಿ ಬಿಳಿಯ ಹಲಗೆಯಿಂದ ಬೆಳಕನ್ನು ಹಿಂದಿರುಗಿಸಿದರೆ ಸಾಕು. ಹಿನ್ನೆಲೆಯ ಸಹ್ಯಾದ್ರಿಯನ್ನು ಹಸಿರಿನಿಂದಲ್ಲ, ಮಂಜು ಬೆರೆತ ತಿಳಿನೀಲಿಯಿಂದ ಬರೆಯಬೇಕು. ದೂರದ ಬೆಟ್ಟ ನಮಗೆ ಕಾಣುವುದೇ ಹಾಗೆ. ಚಲಿಸುವ ಚಿತ್ರವಾದರೆ ವೇಗವನ್ನೂ ಗಮನಿಸಬೇಕು. ಗಂಟೆಗೆ 80 ಕಿಲೋಮೀಟರ್ ವೇಗದ ರೈಲು ಮಾದರಿಯಲ್ಲಿ ಸೆಕೆಂಡಿಗೆ ಸುಮಾರು 25 ಸೆಂಟಿಮೀಟರ್ ಮಾತ್ರ ಸಾಗುತ್ತದೆ.

ಆರಂಭಿಸಲು ಬಯಸುವವರು ಇಡೀ ಸೇತುವೆಗೆ ಕೈ ಹಾಕದೆ ನಾಲ್ಕು ಕಂಬ, ಒಂದು ದಡ, ಆರು ತೆಂಗಿನ ಮರಗಳ ಒಂದು ಮೀಟರ್ ಹಲಗೆಯಿಂದ ತೊಡಗುವುದು ಲೇಸು. ಅದಕ್ಕೂ ಮೊದಲು ಮನೆಯ ಹಳೆಯ ಆಲ್ಬಮ್ ತೆರೆದು ನೋಡಲಿ. ಹೊನ್ನಾವರ, ಕುಮಟಾ, ಭಟ್ಕಳ ನಿಲ್ದಾಣಗಳಲ್ಲಿ ಬಂಧುಗಳನ್ನು ಬೀಳ್ಕೊಡುವಾಗ ತೆಗೆದ ಚಿತ್ರಗಳ ಹಿನ್ನೆಲೆಯಲ್ಲಿ ತಂತಿಯಿಲ್ಲದ ಆಕಾಶ, ಡೀಸೆಲ್ ಎಂಜಿನ್, ಆಗಿನ ಬೋಗಿಗಳ ಬಣ್ಣ ಉಳಿದಿರಬಹುದು. ಆ ನೋಟ ನಿಲ್ದಾಣಕ್ಕೆ ಹೋದರೆ ಇನ್ನು ಸಿಗದು. ಅಂಥ ಚಿತ್ರವೊಂದು ದೊರೆತರೆ ಅದರ ಹಿಂಬದಿಯಲ್ಲಿ ಊರು ಮತ್ತು ವರ್ಷವನ್ನು ಇಂದೇ ಬರೆದಿಡುವುದು ಒಳಿತು.