ನಮ್ಮ ಸಾಗರ ತಾಲ್ಲೂಕು: ನೆಲ, ನೀರು, ಅಡಿಕೆ



ವಾರದ ಸಭೆಯಲ್ಲಿ ಉಳಿತಾಯ, ಸಾಲ, ಬಡ್ಡಿ ಇದರ ಲೆಕ್ಕ ನಾವು ಚೆನ್ನಾಗಿ ಮಾಡ್ತೇವೆ. ಆದರೆ ನಾವಿರುವ ತಾಲ್ಲೂಕಿನ ಲೆಕ್ಕ ಯಾರೂ ಕೇಳೋದಿಲ್ಲ. ಇಲ್ಲಿ ಹಣ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಜಮೀನು ಯಾರ ಹೆಸರಿನಲ್ಲಿದೆ, ಯಾಕೆ ಹಾಗಿದೆ? ಈ ಸಲ ಅದನ್ನೇ ನೋಡೋಣ.

ಊರಿಗೆ ಸಾಗರ ಎಂಬ ಹೆಸರು ಬಂದದ್ದು ಕೆರೆಯಿಂದ. ಕೆಳದಿಯ ಸದಾಶಿವ ನಾಯಕ ಕಟ್ಟಿಸಿದ 'ಸದಾಶಿವ ಸಾಗರ'ವನ್ನೇ ಈಗ ನಾವು ಗಣಪತಿ ಕೆರೆ ಅನ್ನುತ್ತೇವೆ. ಕೆಳದಿ ಅರಸರು 1763ರ ತನಕ ಆಳಿದರು. ಮೊದಲು ಕೆಳದಿ, ಆಮೇಲೆ ಇಕ್ಕೇರಿ, ಕೊನೆಗೆ ಬಿದನೂರು ಅವರ ರಾಜಧಾನಿ. ಇಲ್ಲಿಯ ಅಕ್ಕಿ ಮತ್ತು ಕಾಳುಮೆಣಸು ಘಟ್ಟ ಇಳಿದು ಪೋರ್ಚುಗೀಸರ ಹಡಗು ಸೇರುತ್ತಿತ್ತು. ಶಿವಪ್ಪ ನಾಯಕ (1645–1660) ಜಮೀನುಗಳನ್ನು ತರಗತಿ ಮಾಡಿ ಕಂದಾಯ ಗೊತ್ತುಪಡಿಸಿದ. ಅದಕ್ಕೆ 'ಶಿಸ್ತು' ಎಂದು ಹೆಸರು. ಇಪ್ಪತ್ತೈದು ವರ್ಷ ರಾಜ್ಯ ನಡೆಸಿದ ಚೆನ್ನಮ್ಮ ಕೂಡ ಇದೇ ಮನೆತನದವಳು. ಶಾಲೆಯ ಪಾಠದಲ್ಲಿ ಅವಳು ಕುದುರೆ ಮೇಲೆ ಕತ್ತಿ ಹಿಡಿದೇ ಇರುತ್ತಾಳೆ. ಖಜಾನೆಯ ಲೆಕ್ಕ ನೋಡಿದ್ದೂ ಅವಳೇ, ಅದನ್ನು ಯಾರೂ ಚಿತ್ರ ಬರೆಯೋದಿಲ್ಲ.

ಅರಸರು ಹೋದರೂ ಉಳುವವರ ಪಾಡು ಬದಲಾಗಲಿಲ್ಲ. ಗೇಣಿಗೆ ಭೂಮಿ ಮಾಡಿದವರು ಬೆಳೆದ ಭತ್ತದಲ್ಲಿ ದೊಡ್ಡ ಪಾಲನ್ನು ಒಡೆಯರ ಕಣಜಕ್ಕೆ ಅಳೆಯಬೇಕು. ಅಳೆಯುವ ಕೊಳಗ ಒಡೆಯರದ್ದೇ. ಕೊಳಗ ಒಂದಿಷ್ಟು ದೊಡ್ಡದಿದ್ದರೆ ಪ್ರತಿ ಸಲ ಅಳೆಯುವಾಗಲೂ ಒಂದು ಹಿಡಿ ಹೆಚ್ಚು ಹೋಗ್ತದೆ. ನೂರು ಕೊಳಗಕ್ಕೆ ಎಷ್ಟಾಯಿತು ನೀವೇ ಲೆಕ್ಕ ಹಾಕಿ. ಕಾಗೋಡಿನಲ್ಲಿ ಜಗಳ ಎದ್ದದ್ದು ಈ ಕೊಳಗಕ್ಕಾಗಿಯೇ. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಸಂಘಟಿಸಿದರು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ಗೇಣಿದಾರರು ಹೆಚ್ಚಿನವರು ದೀವರು. ಅವರು ಮೊಣಕಾಲಿನ ಕೆಳಗೆ ಪಂಚೆ ಉಡುವುದಕ್ಕೂ ಒಡೆಯರ ಅಡ್ಡಿ ಇತ್ತು, ಹಾಗಾಗಿ ಇದು ಬರೀ ಭತ್ತದ ಜಗಳ ಅಲ್ಲ. ಗದ್ದೆಗೆ ಇಳಿದು ಉಳುವುದು, ಪೊಲೀಸರು ಹಿಡಿಯುವುದು, ಮಾರನೇ ದಿನ ಮತ್ತೊಂದು ತಂಡ ಇಳಿಯುವುದು, ಹೀಗೆ ನಡೆಯಿತು. ಹೆಂಗಸರೂ ಇದ್ದರು. ಶಾಂತವೇರಿ ಗೋಪಾಲಗೌಡರ ಸಮಾಜವಾದಿ ಪಕ್ಷ ಜೊತೆಗೆ ನಿಂತಿತು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಬಂಧಿಸಿದರು.

ಹೋರಾಟ ಆದ ಕೂಡಲೇ ಭೂಮಿ ಸಿಗಲಿಲ್ಲ. 1961ರಲ್ಲಿ ಭೂ ಸುಧಾರಣಾ ಕಾಯ್ದೆ ಬಂತು, ಆದರೆ ಅದು ಗಟ್ಟಿಯಾದದ್ದು ದೇವರಾಜ ಅರಸರ ಕಾಲದಲ್ಲಿ, 1974ರ ತಿದ್ದುಪಡಿಯಿಂದ. ಗೇಣಿದಾರರು ಫಾರಂ ನಂ. 7ರಲ್ಲಿ ಅರ್ಜಿ ಕೊಟ್ಟರು, ಭೂ ನ್ಯಾಯಮಂಡಳಿಯಲ್ಲಿ ಕೇಸು ನಡೆದವು, 'ಉಳುವವನೇ ಹೊಲದೊಡೆಯ' ಆದ. ಗಮನಿಸಿ, ಒಡೆಯ ಆದದ್ದು 'ಉಳುವವನು'. ನಟ್ಟಿ ಮಾಡಿದವಳು, ಕಳೆ ಕಿತ್ತವಳು, ಕೊಯ್ದವಳು ಅರ್ಜಿಯಲ್ಲಿ ಇರಲಿಲ್ಲ. ಹೆಚ್ಚಿನ ಮನೆಗಳಲ್ಲಿ ಪಹಣಿ ಯಜಮಾನನ ಹೆಸರಿಗೆ ಬಂತು, ಅಲ್ಲಿಂದ ಗಂಡುಮಕ್ಕಳ ಹೆಸರಿಗೆ ಹೋಯಿತು.

ಕಾನೂನು ಈಗ ಹಾಗಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ 1994ರಲ್ಲಿ, ಕೇಂದ್ರ ಸರ್ಕಾರ 2005ರಲ್ಲಿ ತಿದ್ದುಪಡಿ ತಂದು ಮಗಳಿಗೂ ಮಗನಷ್ಟೇ ಪಾಲು ಕೊಟ್ಟಿವೆ. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು. ಆದ್ದರಿಂದ ಮನೆಯಲ್ಲಿ ಹಿರಿಯರು ತೀರಿಕೊಂಡು ಪೌತಿ ಖಾತೆ ಮಾಡಿಸುವಾಗ ವಂಶವೃಕ್ಷದಲ್ಲಿ ಹೆಂಡತಿ ಮತ್ತು ಹೆಣ್ಣುಮಕ್ಕಳ ಹೆಸರು ಇದೆಯಾ ನೋಡಿ. "ಅಕ್ಕಾ, ಒಂದು ಸಹಿ ಹಾಕು, ಸುಮ್ಮನೆ ಶಾಸ್ತ್ರಕ್ಕೆ" ಅಂತ ತರುವ ಕಾಗದ ಬಹಳ ಸಲ ಹಕ್ಕು ಬಿಡುಗಡೆ ಪತ್ರ ಆಗಿರುತ್ತದೆ. ಓದಿಸಿಕೊಳ್ಳದೆ ಸಹಿ ಬೇಡ. ಅಣ್ಣತಮ್ಮಂದಿರ ಮೇಲೆ ಪ್ರೀತಿಯಿಂದ ಬಿಟ್ಟುಕೊಡುವುದು ಬೇರೆ, ಗೊತ್ತಿಲ್ಲದೆ ಕಳೆದುಕೊಳ್ಳುವುದು ಬೇರೆ.

ಮುಳುಗಡೆ

ಭೂಮಿ ಸಿಗುವ ಕಾಲದಲ್ಲೇ ಭೂಮಿ ಹೋದದ್ದೂ ನಮ್ಮ ತಾಲ್ಲೂಕಿನಲ್ಲೇ. ಶರಾವತಿಗೆ ಮೊದಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದರು, 1948ರಲ್ಲಿ ಜೋಗದ ವಿದ್ಯುತ್ ಕೇಂದ್ರ ಆರಂಭವಾಯಿತು. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಹಳೇ ಅಣೆಕಟ್ಟೇ ನೀರಿನೊಳಗೆ ಹೋಯಿತು. ಮಳೆ ಕಡಿಮೆಯಾದ ವರ್ಷ ಅದು ಮೇಲೆ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಅದರ ಸುತ್ತ ಮನೆ, ತೋಟ, ಗದ್ದೆ ಇದ್ದವರು ಏನಾದರು ಅಂತ ಕೇಳುವವರು ಕಡಿಮೆ. ಸಾವಿರಾರು ಕುಟುಂಬಗಳನ್ನು ಲಾರಿಗೆ ಹತ್ತಿಸಿ ಜಿಲ್ಲೆಯ ಬೇರೆ ಬೇರೆ ಕಾಡಿನಲ್ಲಿ ಇಳಿಸಿದರು. ಮಕ್ಕಳು ಮೊಮ್ಮಕ್ಕಳಾದರೂ ಎಷ್ಟೋ ಮನೆಗೆ ಹಕ್ಕುಪತ್ರ ಇಲ್ಲ. ಕಾರಣ ಇದು: ಕೊಟ್ಟ ಜಾಗ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅರಣ್ಯ ಜಮೀನು ಬಿಡಿಸಲು ಕೇಂದ್ರದ ಒಪ್ಪಿಗೆ ಬೇಕು. ರಾಜ್ಯ ಸರ್ಕಾರ ತಾನೇ ಬಿಡುಗಡೆ ಮಾಡಿದ ಆದೇಶಗಳನ್ನು 2021ರಲ್ಲಿ ಹೈಕೋರ್ಟು ರದ್ದು ಮಾಡಿತು. ಹಕ್ಕುಪತ್ರ ಇಲ್ಲದಿದ್ದರೆ ಬ್ಯಾಂಕಿನ ಬೆಳೆ ಸಾಲ ಇಲ್ಲ. ಮುಳುಗಡೆ ಊರುಗಳ ಸಂಘದಲ್ಲಿ ಆಂತರಿಕ ಸಾಲಕ್ಕೆ ಯಾಕೆ ಅಷ್ಟು ಬೇಡಿಕೆ ಎಂಬುದು ಇದರಿಂದ ತಿಳಿಯುತ್ತದೆ.

ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ರಾಜ್ಯಕ್ಕೆಲ್ಲ ಬೆಳಕು ಹೋಯಿತು, ಹಿನ್ನೀರಿನ ಕರೂರು, ಬಾರಂಗಿ ಹೋಬಳಿ ಮಾತ್ರ ದ್ವೀಪವಾಯಿತು. ತುಮರಿಯ ಬಾಣಂತಿಯನ್ನು ಸಾಗರದ ಆಸ್ಪತ್ರೆಗೆ ತರಬೇಕೆಂದರೆ ಲಾಂಚ್ ಇರಬೇಕಿತ್ತು, ಅದರ ಹೊತ್ತು ಮುಗಿದಿರಬಾರದಿತ್ತು. ಅಂಬಾರಗೋಡ್ಲು–ಕಳಸವಳ್ಳಿ ನಡುವೆ 2.44 ಕಿ.ಮೀ. ಉದ್ದದ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ಕ್ಕೆ. ನೀರು ನಿಂತು ಅರವತ್ತು ವರ್ಷದ ಮೇಲೆ.

ಅಡಿಕೆ ಮತ್ತು ನಮ್ಮ ಕೈ

ತಾಲ್ಲೂಕಿನ ಪೇಟೆ ಓಡುವುದು ಅಡಿಕೆಯಿಂದ. ದರ ಏರಿದ ವರ್ಷ ಬಟ್ಟೆ ಅಂಗಡಿಯಲ್ಲಿ ನಿಲ್ಲಲು ಜಾಗ ಇರೋದಿಲ್ಲ. ಮಂಡಿಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಒಂದೊಂದಕ್ಕೂ ಬೇರೆ ಧಾರಣೆ. ವ್ಯಾಪಾರಿಗಳ ಹಿಡಿತ ತಪ್ಪಿಸಲು ಬೆಳೆಗಾರರು 1939ರಲ್ಲೇ ಮ್ಯಾಮ್‌ಕೋಸ್ ಕಟ್ಟಿಕೊಂಡರು. ಬೆಳೆಗಾರರಿಗೆ ಒಂದು ಸಂಘಟನೆ ಇದೆ, ಒಳ್ಳೆಯದೇ. ಸುಲಿಯುವವರಿಗೆ ಏನಿದೆ?

ಕೊನೆ ಕೊಯ್ಯುವವನು ಗಂಡಸು, ಅವನ ಕೂಲಿ ಹೆಚ್ಚು, ಮರ ಹತ್ತುವ ಅಪಾಯವೂ ಇದೆ. ಆದರೆ ಕೊನೆ ಕೆಳಗೆ ಬಿದ್ದ ಮೇಲೆ ಹೆಕ್ಕುವುದು, ಮೆಟ್ಟುಗತ್ತಿ ಮುಂದೆ ಕೂತು ರಾತ್ರಿ ತನಕ ಸುಲಿಯುವುದು, ಚೊಗರಿನಲ್ಲಿ ಬೇಯಿಸಿದ್ದನ್ನು ಒಣಗಿಸುವುದು, ಆರಿಸುವುದು ಬಹುಪಾಲು ಹೆಂಗಸರ ಕೆಲಸ. ಸುಲಿತದ ಕೂಲಿ ಡಬ್ಬದ ಲೆಕ್ಕದಲ್ಲೋ ಕೆ.ಜಿ. ಲೆಕ್ಕದಲ್ಲೋ ಕೊಡುತ್ತಾರೆ. ಡಬ್ಬ ಯಾರದ್ದು, ಎಷ್ಟು ಹಿಡಿಯುತ್ತದೆ, ಗುಡ್ಡೆ ಹಾಕಿ ಅಳೆಯುತ್ತಾರೋ ಬಾಯಿಮಟ್ಟಕ್ಕೋ? ಕಾಗೋಡಿನ ಕೊಳಗ ನೆನಪಾಗಬೇಕು. ಸಂಘದಿಂದ ಒಂದು ತಕ್ಕಡಿ ಇಟ್ಟುಕೊಳ್ಳಿ, ಸುಗ್ಗಿಗೆ ಮೊದಲೇ ದರ ಮಾತಾಡಿ.

ಇನ್ನೊಂದು ಮಾತು ಮುಚ್ಚಿಡಬಾರದು. ಅಡಿಕೆ ಜಗಿಯುವುದರಿಂದ ಬಾಯಿ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲಿ ಹೇಳಿದೆ. ಬೆಳೆಯುವವರಿಗೆ ಸಿಟ್ಟು ಬರುತ್ತದೆ, ಅರ್ಥವಾಗುತ್ತದೆ. ಆದರೆ ಒಂದೇ ಬೆಳೆಯ ಮೇಲೆ ತಾಲ್ಲೂಕು ನಿಂತಿರುವಾಗ, ಕೊಳೆರೋಗ, ಎಲೆಚುಕ್ಕಿ ರೋಗ ಬೇರೆ ಇರುವಾಗ, ಎರಡನೇ ದಾರಿ ಹುಡುಕಬೇಕಲ್ಲ. ಹೆಗ್ಗೋಡಿನ 'ಚರಕ' ಮಹಿಳಾ ಸಹಕಾರ ಸಂಘ ಹಾಗೆ ಹುಡುಕಿತು. ಅದೇ ಅಡಿಕೆ ಚೊಗರಿನ ಬಣ್ಣ ಹಾಕಿ ಕೈಮಗ್ಗದ ಬಟ್ಟೆ ನೇಯ್ದು ಊರೂರಿಗೆ ಮಾರಿತು. 2020ರಲ್ಲಿ ಅದಕ್ಕೂ ಹಣದ ಮುಗ್ಗಟ್ಟು ಬಂತು ಎಂಬುದನ್ನೂ ನೆನಪಿಡಬೇಕು. ಭೂಮಿ ಹುಣ್ಣಿಮೆಯ ಬುಟ್ಟಿಗೆ ದೀವರ ಹೆಂಗಸರು ಬರೆಯುವ ಚಿತ್ತಾರಕ್ಕೂ ಈಗ ಬೆಲೆ ಬಂದಿದೆ. ಮನೆಯ ಗೋಡೆಗೆ ಬರೆದರೆ ಶಾಸ್ತ್ರ, ಬಟ್ಟೆಗೆ, ಹಲಗೆಗೆ ಬರೆದರೆ ಸಂಪಾದನೆ!

ಪಂಚಾಯಿತಿ

ಹಿರಿಯರು ಇನ್ನೂ 'ತಾಲ್ಲೂಕು ಬೋರ್ಡು' ಅನ್ನುತ್ತಾರೆ, ಅದು 1959ರ ಕಾಯ್ದೆಯದು. 1987ರಲ್ಲಿ ಮಂಡಲ ಪಂಚಾಯಿತಿಗೆ ಚುನಾವಣೆ ನಡೆದಾಗ ಹೆಂಗಸರಿಗೆ ನಾಲ್ಕರಲ್ಲಿ ಒಂದು ಸ್ಥಾನ ಮೀಸಲಿತ್ತು. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಮೂರರಲ್ಲಿ ಒಂದಾಯಿತು, 2010ರ ತಿದ್ದುಪಡಿಯಿಂದ ಅರ್ಧ. ನಮ್ಮ ಸಂಘಗಳಿಂದಲೂ ಸದಸ್ಯೆಯರು ಹೋಗಿದ್ದಾರೆ. ಆದರೆ ತಾಲ್ಲೂಕು ಪಂಚಾಯಿತಿಗೆ 2016ರಲ್ಲಿ ಗೆದ್ದವರ ಅವಧಿ 2021ಕ್ಕೆ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಅರ್ಧ ಸ್ಥಾನ ಕಾಗದದಲ್ಲಿ ಇದ್ದು, ಕುರ್ಚಿಯಲ್ಲಿ ಅಧಿಕಾರಿ ಕೂತರು.

ಗ್ರಾಮ ಪಂಚಾಯಿತಿಯ ಕೆಲಸ ಶುರುವಾಗುವುದು ವಾರ್ಡ್ ಸಭೆಯಿಂದ. ಕುಡಿಯುವ ನೀರು, ಕಾಲುಸಂಕ, ಮನೆ ಪಟ್ಟಿ ಎಲ್ಲ ಅಲ್ಲಿ ಬರೆಸಿದರೆ ಮಾತ್ರ ಗ್ರಾಮಸಭೆಗೆ ಹೋಗುತ್ತದೆ. ಸಭೆಯ ದಿನ ಅಡಿಕೆ ಸುಲಿತ ಇದ್ದರೆ ಸಂಘದಿಂದ ಇಬ್ಬರಾದರೂ ಹೋಗಿ, ನಡಾವಳಿ ಪುಸ್ತಕದಲ್ಲಿ ನಿಮ್ಮ ಬೇಡಿಕೆ ಬರೆದದ್ದನ್ನು ಓದಿಸಿಕೊಂಡು ಆಮೇಲೆ ಸಹಿ ಮಾಡಿ ಬನ್ನಿ.