ದಾರಿಯಲ್ಲಿ ಸಿಕ್ಕುವ ಇಂಗ್ಲಿಷು

ಹತ್ತು ವರ್ಷ ಶಾಲೆಯಲ್ಲಿ ಇಂಗ್ಲಿಷನ್ನು ಓದಿ, ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದವರು ಕೂಡ, ಪರರಾಜ್ಯದ ರೈಲು ನಿಲ್ದಾಣದಲ್ಲಿ ವಿಚಾರಣೆಯ ಕಿಟಕಿಯ ಮುಂದೆ ನಿಂತಾಗ ತೊದಲುವುದುಂಟು. ವ್ಯಾಕರಣದ ನಿಯಮ ಅವರಿಗೆ ಗೊತ್ತಿಲ್ಲವೆಂದಲ್ಲ. ಕೇಳಿದರೆ ಬಾಯಿಪಾಠವಾಗಿ ಒಪ್ಪಿಸಬಲ್ಲರು. ಆದರೆ ನಿಯಮವನ್ನು ಕಲಿತದ್ದು ಬೆಂಚಿನ ಮೇಲೆ, ಅದು ಬೇಕಾಗುವುದು ಬೀದಿಯಲ್ಲಿ. ಹಳ್ಳಿಯಿಂದ ಮೊದಲ ಬಾರಿಗೆ ಕೆಲಸಕ್ಕೋ ಸಂದರ್ಶನಕ್ಕೋ ದೊಡ್ಡ ನಗರಕ್ಕೆ ಹೊರಟ ತರುಣ ತರುಣಿಯರಿಗೆ ಈ ಅಂತರ ಸಣ್ಣದಲ್ಲ. ಟಿಕೆಟಿನ ಮೇಲಿನ ಒಂದು ಮಾತನ್ನು ತಪ್ಪಾಗಿ ಓದಿಕೊಂಡರೆ ಗಾಡಿ ತಪ್ಪುತ್ತದೆ. ಗಾಡಿ ತಪ್ಪಿದರೆ ಸಂದರ್ಶನವೂ ತಪ್ಪುತ್ತದೆ. ಆದುದರಿಂದ ದಿನನಿತ್ಯದ ಪ್ರಯಾಣವನ್ನೇ ಪಾಠಶಾಲೆಯನ್ನಾಗಿ ಮಾಡಿಕೊಳ್ಳುವುದು ಹೇಗೆಂಬುದನ್ನು ಇಲ್ಲಿ ಸ್ವಲ್ಪ ವಿಚಾರ ಮಾಡೋಣ.

ಭಾಷೆಯನ್ನು ಕಲಿಯಲು ಪ್ರಯಾಣ ಏಕೆ ಅನುಕೂಲ? ಮೊದಲನೆಯದಾಗಿ, ಅಲ್ಲಿ ಕಾಣುವ ವಾಕ್ಯಗಳು ಚಿಕ್ಕವು. ಎರಡನೆಯದಾಗಿ, ಅವೇ ವಾಕ್ಯಗಳು ದಿನವೂ ಕಣ್ಣಿಗೆ, ಕಿವಿಗೆ ಬೀಳುತ್ತವೆ. ಯಾರೂ ಬೇಸರಪಟ್ಟುಕೊಳ್ಳದೆ ನೂರು ಸಲ ಹೇಳಿಕೊಡುವ ಉಪಾಧ್ಯಾಯ ಬೇರೆಲ್ಲಿ ಸಿಕ್ಕಾನು? ಮೂರನೆಯದಾಗಿ, ಮಾತಿನ ಹಿಂದೆಯೇ ಕೆಲಸ ನಡೆಯುತ್ತದೆ. ಬಾಗಿಲು ತೆರೆಯುವುದೆಂದು ಹೇಳಿದೊಡನೆ ಬಾಗಿಲು ತೆರೆಯುತ್ತದೆ. ಅರ್ಥವನ್ನು ನಿಘಂಟಿನಲ್ಲಿ ಹುಡುಕಬೇಕಾಗಿಲ್ಲ. ಇದರ ಮೇಲೆ ಕನ್ನಡಿಗರಿಗೆ ಇನ್ನೊಂದು ಅನುಕೂಲವುಂಟು. ನಮ್ಮ ರಾಜ್ಯದ ರೈಲು ನಿಲ್ದಾಣಗಳ ಫಲಕಗಳಲ್ಲಿ ಕನ್ನಡ, ಹಿಂದಿ, ಇಂಗ್ಲಿಷು ಮೂರೂ ಇರುತ್ತವೆ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಗೂ ಮಹಾತ್ಮ ಗಾಂಧಿ ರಸ್ತೆಗೂ ನಡುವೆ ಮೊದಲು ಓಡಿದ ಬೆಂಗಳೂರಿನ ನಮ್ಮ ಮೆಟ್ರೋದಲ್ಲಿ ಮುಂದಿನ ನಿಲ್ದಾಣದ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಾರುತ್ತಾರೆ. ಪಕ್ಕಪಕ್ಕದಲ್ಲಿ ಎರಡು ಭಾಷೆಗಳನ್ನಿಟ್ಟು ಅಚ್ಚುಮಾಡಿದ ಪಠ್ಯಪುಸ್ತಕದಂತೆಯೇ ಇದು.

ನಮ್ಮವರು ಇಂಗ್ಲಿಷಿನಲ್ಲಿ ಎಡವುವ ಮುಖ್ಯ ಸ್ಥಳ ಯಾವುದು ನೋಡಿ. ಕನ್ನಡದಲ್ಲಿ ನಾಮಪದದ ಕೊನೆಗೆ ವಿಭಕ್ತಿ ಪ್ರತ್ಯಯ ಹತ್ತುತ್ತದೆ: ಮೈಸೂರಿಗೆ, ಮೈಸೂರಿನಿಂದ, ಮೈಸೂರಿನಲ್ಲಿ. ಇಂಗ್ಲಿಷಿನಲ್ಲಿ ಈ ಕೆಲಸವನ್ನು ಮಾಡುವ ಪದಗಳು ಬೇರೆಯಾಗಿ ನಾಮಪದಕ್ಕೆ ಮುಂದಾಗಿ ಬಂದು ನಿಲ್ಲುತ್ತವೆ: ‘ಟು ಮೈಸೂರು’, ‘ಫ್ರಂ ಮೈಸೂರು’, ‘ಇನ್ ಮೈಸೂರು’. ಇಷ್ಟೇ ಆಗಿದ್ದರೆ ಕಷ್ಟವಿರಲಿಲ್ಲ. ನಮ್ಮ ‘ಅಲ್ಲಿ’ ಎಂಬ ಒಂದೇ ಪ್ರತ್ಯಯ ಮಾಡುವ ಕೆಲಸವನ್ನು ಇಂಗ್ಲಿಷು ನಾಲ್ವರು ಆಳುಗಳಿಗೆ ಹಂಚಿಬಿಟ್ಟಿದೆ. ‘ನಿಲ್ದಾಣದಲ್ಲಿ ಕಾಯುತ್ತಿದ್ದೇನೆ’ ಎನ್ನುವಾಗ ‘ಅಟ್’. ‘ಕಾರಿನಲ್ಲಿ ಕುಳಿತಿದ್ದೇನೆ’ ಎನ್ನುವಾಗ ‘ಇನ್’. ‘ಬಸ್ಸಿನಲ್ಲಿ ಇದ್ದೇನೆ’ ಎನ್ನುವಾಗ ‘ಆನ್’. ‘ಬಸ್ಸಿನಲ್ಲಿ ಬಂದೆ’ ಎಂದು ಬಂದ ಬಗೆಯನ್ನು ಹೇಳುವಾಗ ‘ಬೈ’.

ಕಾರಿಗೆ ‘ಇನ್’, ಬಸ್ಸಿಗೆ ‘ಆನ್’ ಏಕೆ ಎಂದು ಕೇಳುವುದು ನ್ಯಾಯವೇ. ನೆನಪಿನಲ್ಲಿಟ್ಟುಕೊಳ್ಳಲು ಒಂದು ಸುಲಭವಾದ ಗುರುತುಂಟು. ಒಳಗೆ ಎದ್ದುನಿಂತು ನಾಲ್ಕು ಹೆಜ್ಜೆ ನಡೆದಾಡಬಹುದಾದ ವಾಹನಕ್ಕೆ ಸಾಮಾನ್ಯವಾಗಿ ‘ಆನ್’: ಬಸ್ಸು, ರೈಲು, ಹಡಗು, ವಿಮಾನ. ತಲೆಬಗ್ಗಿಸಿ ಒಳಸೇರಿ ಕುಳಿತೇ ಹೋಗಬೇಕಾದುದಕ್ಕೆ ‘ಇನ್’: ಕಾರು, ಟ್ಯಾಕ್ಸಿ, ಆಟೋ. ಸೈಕಲ್ಲು, ಕುದುರೆಗಳ ಮೇಲೆಯೇ ಕುಳಿತುಕೊಳ್ಳುವುದರಿಂದ ಅವಕ್ಕೂ ‘ಆನ್’. ಇಳಿಯುವಾಗಲೂ ಇದೇ ಭೇದ: ಬಸ್ಸಿನಿಂದ ‘ಗೆಟ್ ಆಫ್’, ಕಾರಿನಿಂದ ‘ಗೆಟ್ ಔಟ್ ಆಫ್’. ‘ಬೈ’ ಬಂದಾಗ ಮಾತ್ರ ವಾಹನದ ಹೆಸರಿನ ಹಿಂದೆ ‘ಎ’ ಆಗಲಿ ‘ದಿ’ ಆಗಲಿ ಬರುವುದಿಲ್ಲ: ‘ಬೈ ಬಸ್’, ‘ಬೈ ಟ್ರೈನ್’. ನಡೆದು ಬಂದವರಿಗೆ ಮತ್ತೆ ಬೇರೆ ಮರ್ಯಾದೆ. ಅದು ‘ಆನ್ ಫುಟ್’.

ಊರು ಸೇರಿದ ಮೇಲೂ ಈ ಪದಗಳು ನಮ್ಮನ್ನು ಬಿಡುವುದಿಲ್ಲ. ‘ಅರೈವ್’ ಎಂಬ ಕ್ರಿಯಾಪದವಾದರೆ ನಿಲ್ದಾಣಕ್ಕೆ ‘ಅಟ್’, ನಗರಕ್ಕೆ ‘ಇನ್’. ‘ರೀಚ್’ ಎಂಬುದಕ್ಕೆ ಯಾವುದೂ ಬೇಡ. ‘ರೀಚ್ಡ್ ಮೈಸೂರು’ ಎಂದರೆ ಸಾಕು. ನಾವು ‘ಮೈಸೂರಿಗೆ ತಲುಪಿದೆ’ ಎನ್ನುವ ಅಭ್ಯಾಸದಿಂದ ಅಲ್ಲಿಯೂ ಒಂದು ‘ಟು’ವನ್ನು ಸೇರಿಸಿಬಿಡುತ್ತೇವೆ. ತಪ್ಪಿನ ಮೂಲ ಅಜ್ಞಾನವಲ್ಲ, ತಾಯ್ನುಡಿಯ ಜಾಡು. ಈ ಜಾಡನ್ನು ಗುರುತಿಸಿಕೊಂಡವನಿಗೆ ತಿದ್ದಿಕೊಳ್ಳುವ ದಾರಿಯೂ ಕಾಣುತ್ತದೆ.

‘ಎ’ ಮತ್ತು ‘ದಿ’ಗಳ ವ್ಯತ್ಯಾಸವನ್ನು ತಿಳಿಯಲು ಬಸ್ ನಿಲ್ದಾಣಕ್ಕಿಂತ ಒಳ್ಳೆಯ ಜಾಗವಿಲ್ಲ. ಇಬ್ಬರು ಸ್ನೇಹಿತರು ಬಸ್ಸಿಗಾಗಿ ಕಾಯುತ್ತಿದ್ದಾರೆ. ದೂರದಲ್ಲಿ ಯಾವುದೋ ಒಂದು ಬಸ್ಸು ಕಾಣಿಸಿತು. ಅದರ ನಂಬರು ಇನ್ನೂ ತಿಳಿಯದು. ಆಗ ‘ಎ ಬಸ್ ಈಸ್ ಕಮಿಂಗ್’. ಹತ್ತಿರ ಬಂದಾಗ ನೋಡಿದರೆ ತಾವು ಕಾಯುತ್ತಿದ್ದ ಬಸ್ಸೇ. ಆಗ ‘ದಿ ಬಸ್ ಈಸ್ ಕಮಿಂಗ್’. ಹೇಳುವವನಿಗೂ ಕೇಳುವವನಿಗೂ ಯಾವುದೆಂದು ಗೊತ್ತಿರುವುದು ‘ದಿ’. ಹಲವುಗಳಲ್ಲಿ ಯಾವುದೋ ಒಂದು ‘ಎ’. ಕನ್ನಡದಲ್ಲಿ ನಾವು ಬರಿಯ ‘ಬಸ್ಸು ಬಂತು’ ಎಂದರೆ ಕಾಯುತ್ತಿದ್ದ ಬಸ್ಸೇ ಬಂತೆಂದು ಎಲ್ಲರೂ ಚೀಲ ಎತ್ತಿಕೊಳ್ಳುತ್ತಾರೆ. ಬೇರೆಯದಾದರೆ ‘ಯಾವುದೋ ಒಂದು ಬಸ್ಸು ಬಂತು’ ಎನ್ನುತ್ತೇವೆ. ಅಂದರೆ ಭೇದ ನಮ್ಮಲ್ಲಿಯೂ ಉಂಟು. ಅದನ್ನು ತೋರಿಸುವ ಪದ ಮಾತ್ರ ಬೇರೆ.

ಇನ್ನು ಕಾಲಗಳ ವಿಚಾರ. ‘ದಿ ಟ್ರೈನ್ ಲೀವ್ಸ್ ಅಟ್ ಸಿಕ್ಸ್ ಟುಮಾರೋ’ ಎಂಬ ವಾಕ್ಯದಲ್ಲಿ ಗಾಡಿ ಹೊರಡುವುದು ನಾಳೆ. ಕ್ರಿಯಾಪದ ಮಾತ್ರ ವರ್ತಮಾನಕಾಲದ್ದು. ವೇಳಾಪಟ್ಟಿಯಲ್ಲಿ ಗೊತ್ತುಮಾಡಿಟ್ಟ ಸಂಗತಿಗಳಿಗೆ ಇಂಗ್ಲಿಷಿನಲ್ಲಿ ಹೀಗೆ ಹೇಳುವ ರೂಢಿಯುಂಟು. ‘ರೈಲು ನಾಳೆ ಆರಕ್ಕೆ ಹೊರಡುತ್ತದೆ’ ಎನ್ನುವ ಕನ್ನಡಿಗನಿಗೆ ಇದು ಸಹಜವಾಗಿಯೇ ಒದಗುತ್ತದೆ. ಎಡವುವುದು ಇನ್ನೊಂದು ಕಡೆ. ಗಾಡಿ ಹೋಗಿಬಿಟ್ಟಿದ್ದರೆ ‘ದಿ ಟ್ರೈನ್ ಹ್ಯಾಸ್ ಲೆಫ್ಟ್’ ಎನ್ನಬಹುದು. ಇಷ್ಟು ಗಂಟೆಗೆ ಎಂದು ಸೇರಿಸಬೇಕಾದರೆ ‘ಹ್ಯಾಸ್’ ಬಿಟ್ಟು ‘ದಿ ಟ್ರೈನ್ ಲೆಫ್ಟ್ ಅಟ್ ಸಿಕ್ಸ್’ ಎನ್ನಬೇಕು. ಕನ್ನಡದಲ್ಲಿ ‘ಆರು ಗಂಟೆಗೇ ಹೊರಟುಹೋಗಿದೆ’ ಎಂದರೆ ದೋಷವಿಲ್ಲ. ಅದನ್ನು ಹಾಗೆಯೇ ಇಂಗ್ಲಿಷಿಗೆ ತಿರುಗಿಸಿದರೆ ದೋಷ.

ಪ್ರಶ್ನೆ ಕೇಳುವಾಗಲೂ ಇಂಥದೇ ತೊಡಕು. ‘ಈ ಬಸ್ಸು ಶಿವಾಜಿನಗರಕ್ಕೆ ಹೋಗುತ್ತದೆಯೇ?’ ಎಂದು ಕೇಳಲು ನಾವು ಕೊನೆಗೆ ಒಂದು ‘ಏ’ ಸೇರಿಸುತ್ತೇವೆ; ವಾಕ್ಯದ ಉಳಿದ ಭಾಗ ಅಲುಗುವುದಿಲ್ಲ. ಇಂಗ್ಲಿಷಿನಲ್ಲಿ ಮೊದಲಿಗೇ ‘ಡಸ್’ ಬರಬೇಕು: ‘ಡಸ್ ದಿಸ್ ಬಸ್ ಗೋ ಟು ಶಿವಾಜಿನಗರ?’ ‘ಗೋಸ್’ ಎಂಬುದರ ಕೊನೆಯಲ್ಲಿದ್ದ ಸಕಾರ ‘ಡಸ್’ಗೆ ಹೋಗಿ ಸೇರಿತು, ಎರಡು ಕಡೆಯೂ ಅದು ಇರಲಾಗದು. ದಿನಕ್ಕೊಂದು ಊರಿನ ಹೆಸರನ್ನು ಹಾಕಿ ಈ ಒಂದು ಪ್ರಶ್ನೆಯನ್ನೇ ಹೇಳಿಕೊಂಡರೆ ವಾರದಲ್ಲಿ ನಾಲಿಗೆ ತಿರುಗುತ್ತದೆ.

ಓದುವ ಅಭ್ಯಾಸಕ್ಕೆ ಬರೋಣ. ಒಂದೇ ಪದ ಒಂದು ಕಡೆ ನಾಮಪದವಾಗಿ, ಇನ್ನೊಂದು ಕಡೆ ಕ್ರಿಯಾಪದವಾಗಿ ನಿಲ್ಲುವುದು ಇಂಗ್ಲಿಷಿನ ಸ್ವಭಾವ. ‘ಬೋರ್ಡ್’ ಎಂದರೆ ಹಲಗೆ. ಗಾಡಿಯ ವಿಷಯ ಬಂದಾಗ ಹತ್ತುವುದು. ‘ಬುಕ್’ ಎಂದರೆ ಪುಸ್ತಕ. ಟಿಕೆಟಿನ ವಿಷಯದಲ್ಲಿ ಕಾದಿರಿಸುವುದು. ಇದಕ್ಕೆ ಲೋಕಪ್ರಸಿದ್ಧವಾದ ಉದಾಹರಣೆ ಲಂಡನ್ ನಗರದ್ದು. ಜಗತ್ತಿನ ಮೊದಲ ನೆಲದಡಿಯ ರೈಲು ಅಲ್ಲಿ 1863ರ ಜನವರಿ 10ರಂದು ಪ್ರಯಾಣಿಕರಿಗೆ ತೆರೆಯಿತು. ಅಲ್ಲಿನ ಕೆಲವು ಪ್ಲಾಟ್‌ಫಾರಂಗಳು ಬಾಗಿವೆ, ಗಾಡಿಯ ಡಬ್ಬಿಗಳೋ ನೇರವಾಗಿವೆ. ಆದುದರಿಂದ ನಡುವೆ ಸಂದು ಬೀಳುತ್ತದೆ. 1968ರ ಸುಮಾರಿನಿಂದ ‘ಮೈಂಡ್ ದಿ ಗ್ಯಾಪ್’ ಎಂಬ ಎಚ್ಚರಿಕೆ ಅಲ್ಲಿ ಕೇಳಿಬರುತ್ತಿದೆ. ‘ಮೈಂಡ್’ ಎಂದರೆ ಮನಸ್ಸು ಎಂದಷ್ಟೇ ಕಲಿತವರಿಗೆ ಇದು ಒಗಟು. ವಾಕ್ಯದ ಮೊದಲಲ್ಲಿ ನಿಂತು ಆಜ್ಞೆಮಾಡುವುದರಿಂದ ಅದು ಇಲ್ಲಿ ಕ್ರಿಯಾಪದ. ಸಂದಿನ ಕಡೆ ಎಚ್ಚರವಿರಲಿ ಎಂದು ಅರ್ಥ. ಪಕ್ಕದ ಪ್ರಯಾಣಿಕ ‘ಡು ಯು ಮೈಂಡ್ ಇಫ್ ಐ ಸಿಟ್ ಹಿಯರ್?’ ಎಂದಾಗ ಇದೇ ಪದಕ್ಕೆ ಬೇರೆ ಅರ್ಥ: ಕುಳಿತರೆ ನಿಮಗೆ ತೊಂದರೆಯೇ? ಒಪ್ಪಿಗೆಯಿದ್ದರೆ ‘ನೋ’ ಎನ್ನಬೇಕು. ಸೌಜನ್ಯದಿಂದ ‘ಯೆಸ್’ ಎಂದವರು ಪಾಪ ಆ ಮನುಷ್ಯನನ್ನು ನಿಲ್ಲಿಸಿಬಿಡುತ್ತಾರೆ.

ನಮ್ಮ ರೈಲು ನಿಲ್ದಾಣಗಳ ಹಳದಿ ಫಲಕದ ಮೇಲೆ ಊರಿನ ಹೆಸರಿನ ಜೊತೆಗೆ ‘ಎಂ.ಎಸ್.ಎಲ್.’ ಎಂಬ ಅಕ್ಷರಗಳೂ ಒಂದು ಸಂಖ್ಯೆಯೂ ಇರುವುದನ್ನು ಅನೇಕರು ನೋಡಿರಬಹುದು. ‘ಮೀನ್ ಸೀ ಲೆವೆಲ್’ ಎಂಬುದರ ಹ್ರಸ್ವರೂಪ ಅದು. ನಿಲ್ದಾಣ ಸಮುದ್ರಮಟ್ಟಕ್ಕಿಂತ ಎಷ್ಟು ಎತ್ತರದಲ್ಲಿದೆ ಎಂದು ತಿಳಿಸುತ್ತದೆ. ‘ಮೀನ್’ ಎಂದರೆ ‘ಅರ್ಥಕೊಡು’ ಎಂದೂ ಆಗುತ್ತದೆ, ‘ನೀಚ’ ಎಂದೂ ಆಗುತ್ತದೆ. ಇಲ್ಲಿ ಮಾತ್ರ ‘ಸರಾಸರಿ’. ಪಕ್ಕದ ಪದವನ್ನು ನೋಡಿ ಅರ್ಥವನ್ನು ನಿಶ್ಚಯಿಸುವುದೇ ಓದುವ ಕಲೆ.

ಈ ಕಲೆಯ ಬೆಲೆ ತಿಳಿಯುವುದು ಟಿಕೆಟನ್ನು ಓದುವಾಗ. ಮುಂಗಡ ಟಿಕೆಟಿನಲ್ಲಿ ‘ಆರ್.ಎ.ಸಿ.’ ಎಂದಿದ್ದರೆ ‘ರಿಸರ್ವೇಷನ್ ಅಗೇನ್‌ಸ್ಟ್ ಕ್ಯಾನ್ಸಲೇಷನ್’ ಎಂದು ಅರ್ಥ. ‘ಅಗೇನ್‌ಸ್ಟ್’ ಎಂದರೆ ವಿರುದ್ಧ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಇಲ್ಲಿ ವಿರೋಧದ ಸುಳಿವೇ ಇಲ್ಲ. ಯಾರಾದರೂ ರದ್ದುಮಾಡಿದರೆ ಆ ಜಾಗಕ್ಕೆ ಪ್ರತಿಯಾಗಿ ಎಂಬ ಭಾವ. ಇಂಥ ಟಿಕೆಟಿನವರು ಗಾಡಿ ಹತ್ತಬಹುದು. ಒಂದು ಬರ್ತಿನಲ್ಲಿ ಇಬ್ಬರು ಕುಳಿತು ಹೋಗುತ್ತಾರೆ, ಜಾಗ ತೆರವಾದರೆ ಮಲಗಲು ಬರ್ತು ಸಿಕ್ಕುತ್ತದೆ. ‘ವೇಟಿಂಗ್ ಲಿಸ್ಟ್’ ಎಂದಿದ್ದರೆ ಸಂಗತಿ ಬೇರೆ. ಆನ್‌ಲೈನಿನಲ್ಲಿ ಕೊಂಡ ಟಿಕೆಟು ಪ್ರಯಾಣಿಕರ ಪಟ್ಟಿ ಸಿದ್ಧವಾದ ಮೇಲೂ ಕಾಯುವ ಪಟ್ಟಿಯಲ್ಲೇ ಉಳಿದರೆ ತಾನಾಗಿ ರದ್ದಾಗುತ್ತದೆ. ಇದನ್ನು ತಿಳಿಯದೆ ಹಾಸಿಗೆ ಕಟ್ಟಿಕೊಂಡು ನಿಲ್ದಾಣಕ್ಕೆ ಬಂದವರ ಪಾಡು ಹೇಳತೀರದು.

ಗಂಟೆಯನ್ನು ಓದುವುದೂ ಹೀಗೆಯೇ. ರೈಲ್ವೆಯವರದು 24 ಗಂಟೆಗಳ ಲೆಕ್ಕ. 15ನೆಯ ತಾರೀಖು 00:10ಕ್ಕೆ ಗಾಡಿ ಎಂದರೆ 14ನೆಯ ತಾರೀಖಿನ ರಾತ್ರಿಯೇ ಊಟ ಮುಗಿಸಿ ಹೊರಡಬೇಕು. 15ರ ರಾತ್ರಿ ಹೋದವರಿಗೆ ಗಾಡಿ ಒಂದು ದಿನ ಮುಂದಾಗಿಯೇ ಹೋಗಿರುತ್ತದೆ. ಮತ್ತೆ ‘ಅಟ್ ಸಿಕ್ಸ್’ ಎಂದರೆ ಆರಕ್ಕೆ ಸರಿಯಾಗಿ, ‘ಬೈ ಸಿಕ್ಸ್’ ಎಂದರೆ ಆರರೊಳಗೆ, ‘ಅಂಟಿಲ್ ಸಿಕ್ಸ್’ ಎಂದರೆ ಆರರವರೆಗೆ. ಎರಡಕ್ಷರದ ಪದ ಬದಲಾದರೆ ಇಡೀ ಕಾರ್ಯಕ್ರಮ ಬದಲಾಗುತ್ತದೆ.

ಪ್ರಕಟಣೆಗಳಲ್ಲಿ ಕರ್ಮಣಿ ಪ್ರಯೋಗ ಹೆಚ್ಚು. ‘ಪ್ಯಾಸೆಂಜರ್ಸ್ ಆರ್ ರಿಕ್ವೆಸ್ಟೆಡ್’ ಎಂದು ಕೇಳುತ್ತೇವೆ. ಯಾರು ಕೋರುತ್ತಿದ್ದಾರೆಂಬುದು ವಾಕ್ಯದಲ್ಲಿಲ್ಲ. ‘ಧೂಮಪಾನವನ್ನು ನಿಷೇಧಿಸಲಾಗಿದೆ’ ಎಂಬ ನಮ್ಮ ಕಚೇರಿಯ ಕನ್ನಡವೂ ಇದೇ ಜಾತಿಯದು. ಇಂಥ ವಾಕ್ಯ ಕಂಡಾಗ ‘ಯಾರು?’ ಎಂದು ಕೇಳಿಕೊಂಡು, ಕರ್ತೃವನ್ನು ಸೇರಿಸಿ ಮತ್ತೆ ಹೇಳಿನೋಡುವುದು ಒಳ್ಳೆಯ ಅಭ್ಯಾಸ.

ಒಂದು ಎಚ್ಚರಿಕೆಯ ಮಾತು. ‘ನೋ ಎಂಟ್ರಿ’, ‘ವೇ ಔಟ್’ ಮೊದಲಾದವು ಫಲಕದ ಭಾಷೆ. ಜಾಗ ಉಳಿಸಲು ಕ್ರಿಯಾಪದವನ್ನೂ ‘ದಿ’ಯನ್ನೂ ಕಳಚಿಟ್ಟಿರುತ್ತಾರೆ. ಅವನ್ನು ಓದಿ ತಿಳಿಯಬೇಕೇ ಹೊರತು ಮಾತಿಗೆ ಮಾದರಿಯಾಗಿ ಹಿಡಿಯಬಾರದು. ದೇಶಕ್ಕೆ ತಕ್ಕಂತೆ ಪದಗಳ ಅರ್ಥವೂ ಬೇರೆ. ‘ಸಬ್‌ವೇ’ ಎಂದರೆ ನಮ್ಮಲ್ಲೂ ಲಂಡನ್ನಿನಲ್ಲೂ ರಸ್ತೆಯಡಿಯ ಕಾಲುದಾರಿ. ನ್ಯೂಯಾರ್ಕಿನಲ್ಲಿ ನೆಲದಡಿಯ ರೈಲು.

ಕ್ರಮ ಇಷ್ಟೆ. ದಿನಕ್ಕೊಂದು ವಾಕ್ಯವನ್ನು ಆರಿಸಿಕೊಳ್ಳಿ. ಅದರ ಕ್ರಿಯಾಪದ ಯಾವುದು, ಕರ್ತೃ ಯಾರು, ನಾಮಪದದ ಮುಂದೆ ನಿಂತ ಚಿಕ್ಕ ಪದ ಯಾವುದು ಎಂದು ನೋಡಿ. ಕನ್ನಡದಲ್ಲಿ ಹೇಳಿ; ಮತ್ತೆ ಇಂಗ್ಲಿಷಿಗೆ ತನ್ನಿ; ಅದನ್ನೇ ಪ್ರಶ್ನೆಯಾಗಿ ಮಾಡಿ. ಮನೆಗೆ ಬಂದು ಸಣ್ಣ ಪುಸ್ತಕದಲ್ಲಿ ಬರೆದಿಡಿ. ಇಂಗ್ಲಿಷು ಬಾರದಿರುವುದು ನಾಚಿಕೆಯ ಸಂಗತಿಯಲ್ಲ. ಬೇಕಾದಾಗ ಉಪಯೋಗಿಸಲು ಬರುವುದು ಅನುಕೂಲದ ಸಂಗತಿ. ಹೀಗೆ ಹೋಲಿಸಿ ಕಲಿಯುವವರಿಗೆ ನಮ್ಮ ‘ಅಲ್ಲಿ’, ‘ಇಂದ’, ‘ಗೆ’ಗಳು ಎಷ್ಟು ಕೆಲಸ ಮಾಡುತ್ತಿವೆಯೆಂಬುದೂ ಹೊಸದಾಗಿ ಮನವರಿಕೆಯಾಗುತ್ತದೆ. ಆದರೆ ವ್ಯಾಕರಣದ ಯೋಚನೆಯಲ್ಲಿ ಮುಳುಗಿ, ಇಳಿಯಬೇಕಾದ ನಿಲ್ದಾಣವನ್ನು ಮಾತ್ರ ಯಾರೂ ದಾಟಿಹೋಗದಿರಲಿ.