ಕಾರಿನ ‘ಸೆಲ್ಫ್’: ಅದರ ಕೆಲಸ ಮತ್ತು ಅದನ್ನು ಮನೆಯಲ್ಲಿ ಬದಲಾಯಿಸುವ ಬಗೆ

ಇತಿಹಾಸ, ಅರ್ಥಶಾಸ್ತ್ರ ಓದುವವನಿಗೆ ಯಂತ್ರದ ಗೊಡವೆ ಏಕೆಂದು ಕೆಲವು ಮಿತ್ರರು ಕೇಳಿಯಾರು. ಬಿ.ಎ. ತರಗತಿಯವರು ನಟ್ಟು ಬೋಲ್ಟು ಮುಟ್ಟಬಾರದೆಂಬ ವಿಧಿಯನ್ನು ನಾನಂತೂ ಎಲ್ಲಿಯೂ ಕಂಡಿಲ್ಲ. ಆದುದರಿಂದ, ಪುಸ್ತಕಗಳಲ್ಲಿ ಸ್ಟಾರ್ಟರ್ ಮೋಟಾರು ಎಂದು ಹೆಸರಿರುವ, ನಮ್ಮ ಊರುಗಳಲ್ಲಿ ಎಲ್ಲರೂ ‘ಸೆಲ್ಫ್’ ಎಂದೇ ಕರೆಯುವ ಸಣ್ಣ ಯಂತ್ರವೊಂದನ್ನು ಕುರಿತು ನಾಲ್ಕು ಮಾತು ಬರೆಯುತ್ತಿದ್ದೇನೆ.

ಪೆಟ್ರೋಲ್ ಎಂಜಿನ್ನಿಗೆ ಒಂದು ವಿಚಿತ್ರ ಸ್ವಭಾವವುಂಟು. ತಿರುಗುತ್ತಿದ್ದರೆ ತನ್ನ ಬಲದಿಂದಲೇ ತಿರುಗುತ್ತ ಹೋಗುತ್ತದೆ. ನಿಂತಿದ್ದರೆ ತಾನಾಗಿ ಏಳಲಾರದು. ಗಾಳಿಯನ್ನೂ ಪೆಟ್ರೋಲಿನ ಆವಿಯನ್ನೂ ಒಳಗೆಳೆದು, ಒತ್ತಿ, ಕಿಡಿ ತಗುಲುವವರೆಗಿನ ಮೊದಲ ಸುತ್ತುಗಳನ್ನು ಹೊರಗಿನವರು ಯಾರಾದರೂ ತಿರುಗಿಸಿಕೊಡಬೇಕು. ಹಿಂದೆ ಈ ಕೆಲಸವನ್ನು ಮನುಷ್ಯರೇ ಮಾಡುತ್ತಿದ್ದರು. ಬಂಡಿಯ ಮುಂದಿನ ತೂತಿನೊಳಗೆ ಕಬ್ಬಿಣದ ಹ್ಯಾಂಡಲ್ ತೂರಿಸಿ ರಟ್ಟೆಯ ಬಲದಿಂದ ತಿರುಗಿಸುವುದು. ಹಳೆಯ ಅಂಬಾಸಡರ್ ಕಾರುಗಳಲ್ಲಿಯೂ ಆ ಏರ್ಪಾಡು ಇದ್ದುದನ್ನು ಹಿರಿಯರು ಕಂಡಿದ್ದಾರೆ. ಕಿಡಿ ಹೊತ್ತಿಗೆ ಮುಂಚೆ ಬಿದ್ದರೆ ಎಂಜಿನ್ನು ಹಿಂದಕ್ಕೆ ಒದೆಯುತ್ತಿತ್ತು. ಹ್ಯಾಂಡಲ್ ಹಿಡಿದವನ ಮಣಿಕಟ್ಟು ಮುರಿಯುವುದು ಅಪರೂಪವಾಗಿರಲಿಲ್ಲ.

ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬಾತನು ಇದಕ್ಕೆ ಉಪಾಯ ಕಂಡನು. ಅಂಗಡಿಗಳಲ್ಲಿ ಹಣ ಲೆಕ್ಕವಿಡುವ ಕ್ಯಾಶ್ ರಿಜಿಸ್ಟರ್ ಯಂತ್ರಕ್ಕೆ ಆತನು ಮೊದಲೇ ಒಂದು ವಿದ್ಯುತ್ ಮೋಟಾರನ್ನು ಅಳವಡಿಸಿದ್ದನು. ಕ್ಷಣಕಾಲ ದುಡಿದು ಬಳಿಕ ವಿಶ್ರಮಿಸುವ ಮೋಟಾರಿಗೆ ಅದರ ಗಾತ್ರವನ್ನು ಮೀರಿದ ಭಾರ ಹೊರಿಸಬಹುದೆಂಬುದು ಆ ಕೆಲಸದಲ್ಲಿ ತಿಳಿದ ಮರ್ಮ. ಅದೇ ಮರ್ಮದಿಂದ ಹುಟ್ಟಿದ ಸೆಲ್ಫು 1912ರ ಮಾದರಿಯ ಕ್ಯಾಡಿಲಾಕ್ ಕಾರಿನಲ್ಲಿ ಬಂದಿತು. ಈಗಲೂ ಕೀಲಿಯನ್ನು ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿಯಬಾರದೆಂದು ಹೇಳುವುದು ಇದಕ್ಕಾಗಿಯೇ. ಮಿತಿ ಮೀರಿ ದುಡಿಸಿದರೆ ಒಳಗಿನ ತಂತಿ ಸುಡುತ್ತದೆ.

ಇದರ ರಚನೆ ಸೊಗಸಾದುದು. ಮೋಟಾರಿನ ಮೂತಿಯಲ್ಲಿ ಪಿನಿಯನ್ ಎಂಬ ಸಣ್ಣ ಹಲ್ಲಿನ ಗಾಲಿ. ಅದಕ್ಕೆ ಎಂಟೋ ಒಂಬತ್ತೋ ಹಲ್ಲು. ಎಂಜಿನ್ನಿನ ಫ್ಲೈವೀಲಿನ ಸುತ್ತ ನೂರರ ಆಸುಪಾಸು ಹಲ್ಲುಗಳಿರುವ ದೊಡ್ಡ ಬಳೆ. ಬೆನ್ನ ಮೇಲೆ ಸೊಲೆನಾಯ್ಡ್ ಎಂಬ ವಿದ್ಯುತ್ ಅಯಸ್ಕಾಂತ. ಕೀಲಿ ತಿರುಗಿಸಿದೊಡನೆ ಸೊಲೆನಾಯ್ಡು ಎರಡು ಕೆಲಸ ಮಾಡುತ್ತದೆ: ಪಿನಿಯನ್ನನ್ನು ಮುಂದೆ ದೂಡಿ ಬಳೆಯ ಹಲ್ಲಿಗೆ ಕಚ್ಚಿಸುತ್ತದೆ, ದಪ್ಪ ತಾಮ್ರದ ಸಂಪರ್ಕವನ್ನು ಕೂಡಿಸಿ ಬ್ಯಾಟರಿಯ ಪ್ರವಾಹವನ್ನು ಮೋಟಾರಿಗೆ ಬಿಡುತ್ತದೆ. ಎಂಜಿನ್ನು ಹೊತ್ತಿಕೊಂಡು ವೇಗ ಹಿಡಿದಾಗ ಬಳೆಯೇ ಪಿನಿಯನ್ನನ್ನು ತಿರುಗಿಸತೊಡಗುವುದಷ್ಟೆ. ಎಂಜಿನ್ನು ನಿಮಿಷಕ್ಕೆ 2000 ಸುತ್ತು ಹೋದರೆ ಮೋಟಾರು 20,000ವನ್ನು ಮೀರಿ ತಿರುಗಿ ಚಿಂದಿಯಾಗಬೇಕು. ಹಾಗಾಗದಂತೆ ಪಿನಿಯನ್ನಿನ ಹಿಂದೆ ಒಂದು ಕ್ಲಚ್ಚು ಇದೆ. ಸೈಕಲ್ಲಿನ ಫ್ರೀವೀಲಿನಂತೆ ಅದು ಒಂದೇ ದಿಕ್ಕಿನಲ್ಲಿ ಬಲವನ್ನು ದಾಟಿಸುತ್ತದೆ.

ನಮ್ಮ ಮನೆಯಲ್ಲಿರುವುದು ಮುಂದಿನ ಸೀಟಿನ ಕೆಳಗೆ ಎಂಜಿನ್ನಿರುವ, ಮೂರು ಸಿಲಿಂಡರಿನ ಹಳೆಯ ವ್ಯಾನು. ಅದರಲ್ಲಿ ಅಪ್ಪ ಕನಕಾಂಬರ, ಸೇವಂತಿಗೆ ತುಂಬಿಕೊಂಡು ಪೇಟೆಗೆ ಹೋಗುತ್ತಾರೆ. ಬೆಳಗಿನ ನಾಲ್ಕಕ್ಕೆ ಹೊರಡದಿದ್ದರೆ ಆ ದಿನದ ಹೂವು ತಿಪ್ಪೆಗೆ. ಕಳೆದ ಶ್ರಾವಣದಲ್ಲಿ ಸೆಲ್ಫು ಒಂದು ದಿನ ಹಿಡಿದರೆ ಒಂದು ದಿನ ಹಿಡಿಯದಾಯಿತು. ಕತ್ತಲಲ್ಲಿ ಅಮ್ಮನೂ ನಾನೂ ವ್ಯಾನು ತಳ್ಳುತ್ತಿದ್ದೆವು. ಅಂಗಡಿಯವರೊಬ್ಬರು ನೋಡದೆಯೇ ಬ್ಯಾಟರಿ ಬದಲಾಯಿಸಿ ಎಂದರು. ಅದಕ್ಕೆ ನಾಲ್ಕು ಸಾವಿರದ ಮೇಲೆ ಬೇಕು. ಶ್ರಾವಣದ ಹೂವಿನ ಲಾಭವೆಲ್ಲ ಅಲ್ಲಿಗೇ ಸರಿ.

ಪರೀಕ್ಷೆ ಮಾಡದೆ ಯಾವ ಭಾಗವನ್ನೂ ಕೊಳ್ಳಬಾರದು. ಪರೀಕ್ಷೆಯೋ ಅತಿ ಸುಲಭ. ಗಾಡಿಯೊಳಗಿನ ಸಣ್ಣ ದೀಪ ಹೊತ್ತಿಸಿಟ್ಟು ಕೀಲಿ ತಿರುಗಿಸಿ. ದೀಪ ತೀರ ಮಂಕಾದರೆ ಬ್ಯಾಟರಿ ಬಳಲಿದೆ, ಇಲ್ಲವೆ ಟರ್ಮಿನಲ್ಲು ಕೆಟ್ಟಿದೆ, ಇಲ್ಲವೆ ಮೋಟಾರು ಬಿಗಿದುಕೊಂಡಿದೆ. ದೀಪ ಹಾಗೆಯೇ ಉರಿಯುತ್ತಿದ್ದು ‘ಟಕ್’ ಎಂಬ ಸದ್ದು ಮಾತ್ರ ಬಂದರೆ ಸೊಲೆನಾಯ್ಡಿನ ತಾಮ್ರವೋ ಮೋಟಾರಿನ ಕಾರ್ಬನ್ ಬ್ರಷ್ಷೋ ಸವೆದಿದೆ. ಮೋಟಾರು ಗಿರ್ರೆಂದು ತಿರುಗಿಯೂ ಎಂಜಿನ್ನು ಅಲುಗದಿದ್ದರೆ ಕ್ಲಚ್ಚಿನ ದೋಷ.

ವೋಲ್ಟ್ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ತುಂಬಿದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸಬೇಕು; ಸೆಲ್ಫು ತಿರುಗುವಾಗಲೂ 9.6ಕ್ಕಿಂತ ಕೆಳಗೆ ಇಳಿಯಬಾರದು. ಟರ್ಮಿನಲ್ಲಿನ ಬಿಳಿಯ ಹುಡಿಯನ್ನು ಕಡೆಗಣಿಸುವವರು ಈ ಲೆಕ್ಕ ನೋಡಲಿ: ಸೆಲ್ಫು ಎಳೆಯುವ ಪ್ರವಾಹ 150 ಆಂಪಿಯರ್ ಎನ್ನೋಣ. ಆ ಹುಡಿಯಿಂದ ಒಂದು ಓಮಿನ ಐವತ್ತನೆಯ ಒಂದು ಭಾಗ ತಡೆ ಉಂಟಾದರೂ 3 ವೋಲ್ಟ್ ಅಲ್ಲಿಯೇ ಸೋರಿಹೋಗುತ್ತದೆ. ಸಣ್ಣ ದೀಪಕ್ಕೆ ಮಾತ್ರ ಅದು ತಿಳಿಯುವುದೇ ಇಲ್ಲ.

ನಮ್ಮ ವ್ಯಾನಿನ ಬ್ಯಾಟರಿ ಕೀಲಿ ತಿರುಗಿಸಿದಾಗಲೂ 12.4ರಲ್ಲೇ ನಿಂತಿತು. ಸೊಲೆನಾಯ್ಡು ದಾಟಿ ಮೋಟಾರಿನ ಬಾಯಿಯವರೆಗೂ ಪ್ರವಾಹ ಬಂದಿತ್ತು. ಮರದ ತುಂಡಿನಿಂದ ಮೋಟಾರಿನ ಮೈಗೆ ಮೆಲ್ಲಗೆ ತಟ್ಟಿದಾಗ ಒಮ್ಮೆ ತಿರುಗಿತು. ಬ್ಯಾಟರಿ ನಿರಪರಾಧಿಯೆಂದು ಸ್ಥಿರಪಟ್ಟಿತು.

ಇನ್ನು ಬಿಚ್ಚುವ ಕ್ರಮ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಬೇಕು. ಕೆಳಗೆ ನುಗ್ಗುವುದಾದರೆ ಬರಿಯ ಜಾಕಿಯನ್ನು ಎಂದಿಗೂ ನಂಬತಕ್ಕದ್ದಲ್ಲ. ಗಟ್ಟಿಯಾದ ಸ್ಟ್ಯಾಂಡ್ ಇಡಲೇಬೇಕು. ಎಂಜಿನ್ನು ಆರಿರಲಿ. ಉಂಗುರ, ಗಡಿಯಾರಗಳನ್ನು ತೆಗೆದಿಡಿ. ಮೊಟ್ಟಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಬೇಕು. ಏಕೆಂದರೆ ಗಾಡಿಯ ಇಡೀ ಕಬ್ಬಿಣದ ಮೈ ನೆಗೆಟಿವ್ ಕಡೆಗೆ ಸೇರಿದೆ. ಅದು ಸೇರಿರುವಾಗ ಪಾಸಿಟಿವ್ ನಟ್ಟು ಬಿಚ್ಚುವ ಸ್ಪ್ಯಾನರು ಮೈಗೆ ತಾಗಿದರೆ ನೂರಾರು ಆಂಪಿಯರ್ ಒಮ್ಮೆಗೇ ಹರಿದು ಸ್ಪ್ಯಾನರು ಕೆಂಪಗೆ ಕಾಯುತ್ತದೆ. ಬ್ಯಾಟರಿಯಿಂದ ಹೊರಡುವ ಜಲಜನಕ ಹೊತ್ತಿಕೊಂಡರೆ ಕಣ್ಣಿಗೇ ಅಪಾಯ. ಸೆಲ್ಫಿನ ದಪ್ಪ ತಂತಿಗೆ ಸಾಮಾನ್ಯವಾಗಿ ಫ್ಯೂಸೂ ಇರುವುದಿಲ್ಲ. ನೆಗೆಟಿವ್ ಬಿಚ್ಚಿದ ಮೇಲೆ ಸ್ಪ್ಯಾನರು ಗಾಡಿಯ ಮೈಗೆ ತಾಗಿದರೂ ಭಯವಿಲ್ಲ.

ಬಳಿಕ ಸೊಲೆನಾಯ್ಡಿನ ದಪ್ಪ ತಂತಿ, ತೆಳು ತಂತಿಗಳನ್ನು ಬಿಡಿಸಿ, ಮೋಟಾರನ್ನು ಹಿಡಿದಿರುವ ಬೋಲ್ಟುಗಳನ್ನು ತೆಗೆಯುವುದು. ಸಾಮಾನ್ಯವಾಗಿ ಎರಡಿರುತ್ತವೆ, ಒಂದು ಮಾತ್ರ ಕೈಗೆ ಸಿಕ್ಕುವಲ್ಲಿ ಇರುತ್ತದೆ! ಇನ್ನೊಂದಕ್ಕೆ ಉದ್ದನೆಯ ಎಕ್ಸ್‌ಟೆನ್ಷನ್ ಹಾಗೂ ತಾಳ್ಮೆ ಬೇಕು. ಕೊನೆಯ ಬೋಲ್ಟು ಬಿಡುವಾಗ ಇನ್ನೊಂದು ಕೈ ಮೋಟಾರಿನ ಅಡಿಯಲ್ಲಿರಲಿ. ಗಾತ್ರ ಸಣ್ಣದಾದರೂ ಒಳಗೆಲ್ಲ ತಾಮ್ರ, ಕಬ್ಬಿಣ. ಮುಖದ ಮೇಲೆ ಬಿದ್ದರೆ ಮೂಗು ಉಳಿಯದು.

ಹೊಸದನ್ನು ಕೂಡಿಸುವ ಮೊದಲು ಹಳೆಯದರ ಪಕ್ಕದಲ್ಲಿಟ್ಟು ಪಿನಿಯನ್ನಿನ ಹಲ್ಲುಗಳನ್ನು ಎಣಿಸಿ ನೋಡಬೇಕು. ತೆರೆದ ಕಿಂಡಿಯಿಂದ ಟಾರ್ಚು ಬಿಟ್ಟು ಬಳೆಯ ಹಲ್ಲನ್ನೂ ನೋಡಬೇಕು. ಇಲ್ಲಿ ಒಂದು ಸೋಜಿಗವುಂಟು. ಆರಿಸಿದ ಎಂಜಿನ್ನು ಎಲ್ಲೆಂದರಲ್ಲಿ ನಿಲ್ಲುವುದಿಲ್ಲ. ಒತ್ತಿದ ಗಾಳಿ ತಡೆಯುವ ಕೆಲವೇ ನೆಲೆಗಳಲ್ಲಿ ನಿಲ್ಲುತ್ತದೆ. ನಾಲ್ಕು ಸಿಲಿಂಡರಿನದಾದರೆ ಬಳೆಯಲ್ಲಿ ಎರಡು ಕಡೆ, ಮೂರು ಸಿಲಿಂಡರಿನದಾದರೆ ಮೂರು ಕಡೆ. ಪಿನಿಯನ್ನು ಕಚ್ಚುವುದೂ ಅಲ್ಲಿಯೇ, ಹಲ್ಲು ಸವೆಯುವುದೂ ಅಲ್ಲಿಯೇ. ಆದುದರಿಂದ ಎಂಜಿನ್ನನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ನೋಡದೆ ಹಲ್ಲು ಚೆನ್ನಾಗಿವೆ ಎನ್ನುವಂತಿಲ್ಲ.

ಮೋಟಾರು ಕೂರುವ ಜಾಗವನ್ನು ಹೊಳೆಯುವಂತೆ ಉಜ್ಜಬೇಕು. ಸಾಮಾನ್ಯವಾಗಿ ಪ್ರವಾಹ ಹಿಂದಿರುಗುವ ದಾರಿ ಮೋಟಾರಿನ ಮೈಯೇ; ನಡುವೆ ಬಣ್ಣ, ತುಕ್ಕು ಇದ್ದರೆ ಹೊಸ ಮೋಟಾರೂ ಮುಕ್ಕುತ್ತದೆ. ಸೊಲೆನಾಯ್ಡಿನ ತಾಮ್ರದ ಬೋಲ್ಟನ್ನು ಕಬ್ಬಿಣದ ಬೋಲ್ಟಿನಂತೆ ಬಿಗಿಯಬಾರದು, ತಿರುಚಿಕೊಳ್ಳುತ್ತದೆ. ಎಲ್ಲ ಮುಗಿದ ಮೇಲೆ ನೆಗೆಟಿವ್ ತಂತಿ ಕಟ್ಟಕಡೆಗೆ. ನಮ್ಮಲ್ಲಿ ಇಷ್ಟಕ್ಕೆ ಒಂದು ಭಾನುವಾರದ ಮಧ್ಯಾಹ್ನ ಹಿಡಿಯಿತು. ಸೋಮವಾರ ನಾಲ್ಕಕ್ಕೆ ಅಪ್ಪ ಕೀಲಿ ತಿರುಗಿಸಿದಾಗ ಅಮ್ಮ ಅಭ್ಯಾಸಬಲದಿಂದ ವ್ಯಾನಿನ ಹಿಂದೆಯೇ ನಿಂತಿದ್ದಳು.

ನಾವು ಕೊಂಡುದು ರಿಪೇರಿ ಮಾಡಿದ ಮೋಟಾರು, ಬ್ಯಾಟರಿಯ ಬೆಲೆಯ ಅರ್ಧಕ್ಕಿಂತ ಕಡಮೆ. ಹಳೆಯದನ್ನು ಅಂಗಡಿಗೆ ಕೊಡದೆ ಬಿಚ್ಚಿ ನೋಡಿದೆ. ಬ್ರಷ್ಷುಗಳು ಸವೆದು ತಾಮ್ರಕ್ಕೆ ತಾಗದಂತಾಗಿದ್ದವು, ಉಳಿದುದೆಲ್ಲ ಗಟ್ಟಿಯಾಗಿತ್ತು. ಹೊಸ ಬ್ರಷ್ಷು ಬೆಸುಗೆ ಹಾಕಿಸಿ ಅದನ್ನು ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇವೆ.